ಆಸಿಡ್ಡಿಗೆ ಬಿದ್ದ ಚೂರು

ಆ ಮೀಟಿಂಗಿನಲ್ಲಿ ಅಕ್ಕನ ತಲೆಗೆ ಸಿಕ್ಕಿದ್ದು ಆರು ನಿಮಿಷ. ಅದರಲ್ಲೂ ಒಂದೂವರೆ ನಿಮಿಷ ಪರದೆಯ ಮೇಲೆ ಸ್ಕ್ಯಾನು ಮೂಡದೆ ವೈರು ಎಳೆದಾಡುವುದರಲ್ಲೇ ಹೋಯಿತು.

ಕಷ್ಟದ ಕೇಸುಗಳನ್ನು ದೊಡ್ಡ ಡಾಕ್ಟರುಗಳೆಲ್ಲ ಒಂದು ಮೇಜಿನ ಸುತ್ತ ಕೂತು ತೀರ್ಮಾನ ಮಾಡುವ ಗುರುವಾರದ ಮೀಟಿಂಗು ಅದು. ತಂಗಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಅವಳು ಆ ಆಸ್ಪತ್ರೆಯ ಬಯಾಪ್ಸಿ ಲ್ಯಾಬಿನ ಟೆಕ್ನಿಷಿಯನ್. ಗಾಜಿನ ಸ್ಲೈಡುಗಳ ಟ್ರೇ ಹಿಡಿದು ಬಾಗಿಲ ಪಕ್ಕ ನಿಲ್ಲುವುದು, ಕರೆದಾಗ ಮೈಕ್ರೋಸ್ಕೋಪಿನ ಕೆಳಗೆ ಒಂದೊಂದನ್ನೇ ಇಡುವುದು ಅವಳ ಪಾಲಿನ ಕೆಲಸ. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೈಯಷ್ಟೇ ನಾಲಿಗೆಯೂ ಹರಿತ. ಹಾಗಾಗಿ ಲ್ಯಾಬಿನಲ್ಲಿ ಅವಳಿಗೆ ಬ್ಲೇಡು ಎಂದೇ ಹೆಸರು.

"ನಲವತ್ತೊಂದು ವರ್ಷದ ಹೆಂಗಸು, ಬಸ್ ಡ್ರೈವರ್," ಎಂದು ಕಿರಿಯ ಡಾಕ್ಟರೊಬ್ಬ ಓದತೊಡಗಿದ. "ಹನ್ನೊಂದು ತಿಂಗಳಿಂದ ಎಡಗಡೆ ತಲೆನೋವು. ನಾಲ್ಕು ತಿಂಗಳಿಂದ ಎಲ್ಲ ಎರಡೆರಡು ಕಾಣ್ತಿದೆ. ಎಡಗಣ್ಣು ಹೊರಗಡೆಗೆ ತಿರುಗಲ್ಲ. ಎಡಕೆನ್ನೆ ಜೋಮು. ಈಗ ಆ ಕಣ್ಣಿನ ದೃಷ್ಟಿನೂ ಮಂಜಾಗ್ತಿದೆ. ತಲೆಬುರುಡೆಯ ತಳದಲ್ಲಿ ಗಡ್ಡೆ."

ಪರದೆಯ ಮೇಲೆ ಅಕ್ಕನ ತಲೆ ಮೂಡಿತು. ಕಪ್ಪು ಬಿಳುಪಿನಲ್ಲಿ, ಅಡ್ಡ ಸೀಳಿದಂತೆ. ಕಣ್ಣಿನ ಹಿಂದೆ, ಕಿವಿಯ ಮುಂದೆ, ಮಿದುಳಿಗೂ ಮೂಗಿನ ಹಿಂಭಾಗಕ್ಕೂ ನಡುವಿನ ಮೂಳೆಗೆ ಅಂಟಿಕೊಂಡು ಬಿಳಿಯ ಮುದ್ದೆಯೊಂದು ಕೂತಿತ್ತು. ಕಣ್ಣನ್ನು ಆಡಿಸುವ ನರ, ಕೆನ್ನೆಯ ನರ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಎಲ್ಲವೂ ಆ ಇಕ್ಕಟ್ಟಿನಲ್ಲೇ ಹಾಯಬೇಕು. ಚಾಕು ಹಾಕಲು ಡಾಕ್ಟರುಗಳು ಹತ್ತು ಸಲ ಯೋಚಿಸುವ ಜಾಗ.

"ಬಯಾಪ್ಸಿ?" ಎಂದು ಯಾರೋ ಕೇಳಿದರು.

ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ತಮ್ಮದೇ ರಿಪೋರ್ಟು ಓದಿದರು. "ನಿರ್ದಿಷ್ಟವಲ್ಲದ ಉರಿಯೂತ. ಕ್ಯಾನ್ಸರ್ ಕಣಗಳಿಲ್ಲ. ಸರಿಯಾದ ಜಾಗದ ಚೂರು ಅಲ್ಲದಿರಬಹುದು."

"ಅಂದ್ರೆ ನಮ್ಮ ಮೂಗಿನ ಡಾಕ್ಟ್ರು ಗುರಿ ತಪ್ಪಿದ್ರು," ಎಂದರು ರೇಡಿಯೇಷನ್ ಡಾಕ್ಟರು. ಮೇಜಿನ ಸುತ್ತ ನಗು.

ಮೂಗಿನೊಳಗಿಂದ ಕೊಳವೆ ತೂರಿಸಿ ಆ ಚೂರು ತೆಗೆದ ಸರ್ಜನ್ ಮುಖ ಕೆಂಪು ಮಾಡಿಕೊಂಡರು. "ನಾನು ತೆಗೆದಿದ್ದು ಅಲ್ಲಿಂದಲೇ. ವಿಡಿಯೋ ಇದೆ, ಹಾಕ್ಲಾ?"

"ಬೇಡ ಬಿಡಿ, ಟೈಮಿಲ್ಲ," ಎಂದರು ರೇಡಿಯೇಷನ್ ಡಾಕ್ಟರೇ. "ಸ್ಕ್ಯಾನು ನೋಡಿದ್ರೆ ಮಿದುಳಿನ ಪೊರೆಯ ಗಡ್ಡೆ ಥರಾನೇ ಇದೆ. ಕಣ್ಣು ಹೋಗ್ತಿದೆ. ಕಾಯೋದು ಬೇಡ. ಸೋಮವಾರದಿಂದ ರೇಡಿಯೇಷನ್ ಶುರು ಮಾಡೋಣ. ಮುಖಕ್ಕೆ ಅಚ್ಚು ತೆಗೆದಾಗಿದೆ."

"ಮುಂದಿನ ಕೇಸು," ಎಂದರು ಯಾರೋ.

ಬ್ಲೇಡಿನ ಮೈಯೆಲ್ಲ ಉರಿದುಹೋಯಿತು. ಆ ನಗು ಅವಳ ಕಿವಿಯಿಂದ ಇಳಿಯಲೇ ಇಲ್ಲ. ಟ್ರೇ ಎತ್ತಿ ಅವರ ಟೀ ಕಪ್ಪುಗಳ ಮೇಲೆ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ಮುಂದಿನ ಕೇಸಿನ ಸ್ಲೈಡು ಇಟ್ಟಳು. ಅದು ಯಾರದೋ ಹೊಟ್ಟೆ.

ಹನ್ನೊಂದು ತಿಂಗಳು ಅಕ್ಕ ಪಟ್ಟ ಪಾಡನ್ನು ಅವಳು ಕಣ್ಣಾರೆ ಕಂಡಿದ್ದಳು. ಮೊದಲನೇ ಡಾಕ್ಟರು ಅರೆತಲೆನೋವು ಎಂದ. ಎರಡನೆಯವನು ಸೈನಸ್ ಎಂದ. ಮೂರನೆಯವನು ಕನ್ನಡಕ ಬದಲಾಯಿಸಿದ. ನಾಲ್ಕನೆಯ ಮಹಾಶಯ, "ಹೆಂಗಸರು ಬಸ್ಸು ಗಿಸ್ಸು ಓಡಿಸಿದ್ರೆ ಟೆನ್ಷನ್ ಆಗದೆ ಇನ್ನೇನಾಗುತ್ತೆ?" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟ. "ನೀವು ದಿನಾ ನಿಮ್ಮಂಥ ನೂರು ಜನಾನ ಹತ್ತಿಸ್ಕೊಂಡು ಓಡಿಸಿ ನೋಡಿ ಸ್ವಾಮಿ, ಟೆನ್ಷನ್ ಯಾರಿಂದ ಬರುತ್ತೆ ಗೊತ್ತಾಗುತ್ತೆ," ಎಂದು ಅಕ್ಕ ಎದ್ದು ಬಂದಿದ್ದಳು. ಒಂದು ದಿನ ತಿರುವಿನಲ್ಲಿ ಅವಳಿಗೆ ಎರಡು ರಸ್ತೆ ಕಂಡವು, ಎರಡರಲ್ಲೂ ಒಂದೊಂದು ಸೈಕಲ್ಲು. ಬ್ರೇಕು ಒತ್ತಿ ಬಸ್ಸನ್ನು ಅಲ್ಲೇ ನಿಲ್ಲಿಸಿ, ಕೀಲಿ ಕಂಡಕ್ಟರನ ಕೈಗೆ ಕೊಟ್ಟು ಇಳಿದಳು. ಅಂದಿನಿಂದ ಡಿಪೋದ ಪಾಸ್ ಕೌಂಟರಿನಲ್ಲಿ ಕೂರಿಸಿದ್ದಾರೆ. ಆರು ತಿಂಗಳೊಳಗೆ ಕಣ್ಣು ಸರಿಹೋಗದಿದ್ದರೆ ಡ್ರೈವರ್ ಹುದ್ದೆ ಹೋಗುತ್ತದೆ. ನಾಲ್ಕು ತಿಂಗಳು ಆಗಲೇ ಕಳೆದಿತ್ತು.

ಇದರ ನಡುವೆ ಒಬ್ಬ ಡಾಕ್ಟರು, ಯಾಕೆ ಕೊಟ್ಟನೋ ಏನೋ, ಐದು ದಿನದ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದ. "ಆ ಐದು ದಿನ ನಾನು ಮಹಾರಾಣಿ ಕಣೇ," ಎಂದು ಅಕ್ಕ ಆಗಾಗ ಹೇಳುತ್ತಿದ್ದಳು. "ತಲೆ ಅನ್ನೋದು ಇದೆ ಅಂತಾನೇ ಗೊತ್ತಾಗ್ತಿರಲಿಲ್ಲ." ಮಾತ್ರೆ ನಿಂತ ಹತ್ತನೇ ದಿನ ನೋವು ವಾಪಸು ಬಂದು ಕೂತಿತ್ತು.

ಬ್ಲೇಡಿನ ತಲೆಯಲ್ಲಿ ಕೊರೆಯುತ್ತಿದ್ದುದು ಆ ಐದು ದಿನ. ಪೊರೆಯ ಗಡ್ಡೆ ಐದು ಮಾತ್ರೆಗೆ ಹೆದರಿ ಓಡುವುದಿಲ್ಲ. ಆದರೆ ಗಡ್ಡೆಯ ವೇಷ ಹಾಕುವ ಕಾಯಿಲೆಯೊಂದಿದೆ. ಮೈಯನ್ನು ಕಾಯಬೇಕಾದ ಕಣಗಳೇ ದಾರಿ ತಪ್ಪಿ ಒಂದು ಕಡೆ ಗುಂಪುಗೂಡಿ, ನಾರು ಹೆಣೆದು, ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತವೆ. ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿಯಲ್ಲಿ, ಜೊಲ್ಲಿನ ಗ್ರಂಥಿಯಲ್ಲಿ. ತಲೆಬುರುಡೆಯ ತಳದಲ್ಲಿ ಅಪರೂಪ. ಅದನ್ನು ಹಿಡಿಯಲು ಐಜಿಜಿ-ಫೋರ್ ಎಂಬ ಸ್ಟೇನು, ಅಂದರೆ ಬಣ್ಣದ ಪರೀಕ್ಷೆ, ಇದೆ. ಆ ಕಾಯಿಲೆಯಾದರೆ ಸ್ಲೈಡಿನ ಮೇಲೆ ಕಣಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಆ ಸ್ಟೇನಿನ ಬಾಟಲಿ ಲ್ಯಾಬಿನ ಫ್ರಿಜ್ಜಿನಲ್ಲೇ, ಎರಡನೇ ಅರೆಯಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅವಳು ದೊಡ್ಡ ಮೇಡಂ ಮುಂದೆ ನಿಂತಳು.

"ಐಜಿಜಿ-ಫೋರಾ? ಯಾರು ಕೇಳಿದ್ದು?"

"ನಾನು ಕೇಳ್ತಿದ್ದೀನಿ ಮೇಡಂ."

"ನೀನ್ಯಾವಾಗ ಡಾಕ್ಟ್ರಾದೆ?"

"ಫಾರ್ಮಲ್ಲಿ ಮೇದೋಜೀರಕ ಅಂತ ಬರೆದಿದ್ರೆ ಯಾರೂ ಕೇಳದೇನೇ ಹಾಕ್ತೀವಲ್ಲ?"

"ಅದು ಪದ್ಧತಿ."

"ತಲೆ ಅಂದ್ರೆ ಯಾಕೆ ಹಾಕಲ್ಲ?"

"ಅದೂ ಪದ್ಧತಿನೇ," ಎಂದರು ಮೇಡಂ ಕನ್ನಡಕದ ಮೇಲಿಂದ ನೋಡುತ್ತ. "ನೋಡಮ್ಮ, ನಿಮ್ಮಕ್ಕ ಅಂತ ಗೊತ್ತು. ಆದ್ರೆ ಸರ್ಜನ್ ಬರೆದುಕೊಡದೆ ನಾನು ಹಾಕೋಕಾಗಲ್ಲ."

ಅವಳು ಮೂರು ಮಹಡಿ ಹತ್ತಿದಳು. ಸರ್ಜನ್ನರ ಕೋಣೆಯ ಮುಂದೆ ಮೂಗಿಗೆ ಹತ್ತಿ ತುರುಕಿಕೊಂಡವರ ಸಾಲು. ಅವರ ನಡುವೆ ಒಂದೂವರೆ ಗಂಟೆ ಕೂತಳು. ಒಳಗೆ ಹೋಗಿ ವಿಷಯ ಹೇಳಿದರೆ ಸರ್ಜನ್ ಸಿಡಿದೆದ್ದರು.

"ನಿಮ್ಮ ಮೇಡಂಗೆ ಬಾಯಿಲ್ವಾ? ರಿಪೋರ್ಟಲ್ಲಿ ಒಂದೇ ಒಂದು ಸಾಲು ಬರೆದಿದ್ರೆ ನಾನೇ ಕೇಳ್ತಿದ್ದೆ!"

"ನೀವು ಕೇಳಿದ್ರೆ ಅವರು ಹಾಕ್ತಿದ್ರಂತೆ ಸರ್."

ಅವರು ದುರುಗುಟ್ಟಿ ನೋಡಿದರು. ಆಮೇಲೆ ಪೆನ್ನು ತೆಗೆದು ಗೀಚಿ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಇವರು ಕೇಳಲಿ ಎಂದು ಅವರು, ಅವರು ಹೇಳಲಿ ಎಂದು ಇವರು. ನಡುವೆ ಅಕ್ಕನ ಕಣ್ಣು ಮುಚ್ಚುತ್ತಿದೆ.

ಶನಿವಾರ ಬೆಳಿಗ್ಗೆ ಏಳಕ್ಕೇ ಬಂದು ಅಕ್ಕನ ಚೂರು ಕೂರಿಸಿದ್ದ ಮೇಣದ ಅಚ್ಚು ಹುಡುಕಿ ಸೀಳಿದಳು. ಒಂದು ಗಾಜಿಗೆ ಐಜಿಜಿ-ಫೋರ್. ಇನ್ನೊಂದಕ್ಕೆ ಬರೀ ಐಜಿಜಿ, ಹೋಲಿಸಿ ಎಣಿಸುವುದಕ್ಕೆ. ಎರಡೂ ಗಾಜಿನ ಅಂಚಿನಲ್ಲಿ, ಸ್ಟೇನು ಕೆಲಸ ಮಾಡಿದೆ ಅಂತ ಗೊತ್ತಾಗಲು, ಬೇರೆ ಯಾರದೋ ಗಂಟಲ ಗ್ರಂಥಿಯ ಚೂರು. ಮಧ್ಯಾಹ್ನ ಒಂದಕ್ಕೆ ಗಾಜುಗಳು ಸಿದ್ಧವಾದವು. ಮೇಡಂ ಇಣುಕಿ ನೋಡಿದರು. ಅಂಚಿನ ಗಂಟಲ ಚೂರು ಕಂದು. ಅಕ್ಕನ ಚೂರು ಖಾಲಿ. ನೀಲಿ ಹಿನ್ನೆಲೆಯಲ್ಲಿ ಒಂದು ಚುಕ್ಕಿ ಕಂದೂ ಇಲ್ಲ.

"ನೆಗೆಟಿವ್," ಎಂದರು ಮೇಡಂ. ದನಿಯಲ್ಲಿ ಗೆಲುವು ಇರಲಿಲ್ಲ, ಪಾಪ ಎನ್ನುವ ಭಾವವೇ ಇತ್ತು. "ಊಟ ಮಾಡಿ ಬಂದು ಟೈಪ್ ಮಾಡಿಸ್ತೀನಿ. ಹೋಗಮ್ಮ, ನೀನೂ ಊಟ ಮಾಡು."

ಬ್ಲೇಡು ಮೈಕ್ರೋಸ್ಕೋಪಿನ ಮುಂದೆಯೇ ಕುಸಿದು ಕೂತಳು. ಪಕ್ಕದ ಬೆಂಚಿನಲ್ಲಿ ಮೇಸ್ತ್ರಿ ಬನ್ನು ತಿನ್ನುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಅದೇ ಲ್ಯಾಬಿನಲ್ಲಿದ್ದ ಹಿರಿಯ ಟೆಕ್ನಿಷಿಯನ್. ಅವನಿಗೆ ಮೇಸ್ತ್ರಿ ಎಂಬ ಹೆಸರಿಟ್ಟವರು ಆಗಲೇ ನಿವೃತ್ತರಾಗಿದ್ದರು. ಅವನು ಕೈ ಒರೆಸಿಕೊಂಡು ಬಂದು ಒಂದು ಕಣ್ಣು ಮುಚ್ಚಿ ನೋಡಿದ.

"ಐಜಿಜಿ-ಫೋರ್ ಇಲ್ಲ, ಸರಿ. ಬರೀ ಐಜಿಜಿನೂ ಇಲ್ವಲ್ಲಮ್ಮ?"

"ಇಲ್ಲ."

"ಅದು ಹೆಂಗೆ? ಈ ಥರ ಉರಿಯೂತದ ಚೂರಲ್ಲಿ ಅದು ಸ್ವಲ್ಪನಾದ್ರೂ ಇರ್ಲೇಬೇಕು. ಇದು ನೆಗೆಟಿವ್ ಅಲ್ಲ ಕಣಮ್ಮ. ಚೂರು ಸತ್ತೋಗಿದೆ." ಅವನು ತಲೆ ಎತ್ತಿದ. "ಇದನ್ನ ಆಸಿಡ್ಡಲ್ಲೇ ಬಿಟ್ಟಿದ್ದು ಯಾರು?"

ಮೂಳೆ ಇರುವ ಚೂರುಗಳನ್ನು ಹಾಗೇ ಸೀಳಿದರೆ ಯಂತ್ರದ ಅಲಗು ಮುರಿಯುತ್ತದೆ. ಅದಕ್ಕೆ ಮೊದಲು ಆಸಿಡ್ಡಿನಲ್ಲಿ ನೆನೆಸಿ ಮೂಳೆ ಮೆತ್ತಗೆ ಮಾಡುತ್ತಾರೆ. ಆ ಲ್ಯಾಬಿನ ರೂಢಿಯೇನೆಂದರೆ, ಫಾರ್ಮಿನಲ್ಲಿ ಮೂಳೆ ಅಂತ ಕಂಡರೆ ಡಬ್ಬಿಯಲ್ಲಿದ್ದದ್ದೆಲ್ಲ ಆಸಿಡ್ಡಿಗೆ. ಮೆತ್ತಗಿನ ಚೂರನ್ನು ಚಿಮಟದಲ್ಲಿ ಆರಿಸಿ ಬೇರೆ ಇಡುವ ತಾಳ್ಮೆ ಯಾರಿಗೂ ಇರಲಿಲ್ಲ. ಆಸಿಡ್ಡಿನಲ್ಲೂ ಎರಡು ಬಗೆ. ವಾರ ಹಿಡಿಯುವ ಮೆದುವಾದದ್ದು ಒಂದು, ಎರಡು ಗಂಟೆಯಲ್ಲಿ ಮುಗಿಸುವ ಉಗ್ರವಾದದ್ದು ಇನ್ನೊಂದು. ಉಗ್ರವಾದದ್ದರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚೂರಿನ ಆಕಾರ ಉಳಿಯುತ್ತದೆ, ಸ್ಟೇನು ಹಿಡಿಯುವ ಗುಣ ಸುಟ್ಟುಹೋಗುತ್ತದೆ.

ಮೇಸ್ತ್ರಿ ಕಪಾಟಿನಿಂದ ರಿಜಿಸ್ಟರು ಇಳಿಸಲು ಹೋದ. ಬ್ಲೇಡಿಗೆ ರಿಜಿಸ್ಟರು ಬೇಕಿರಲಿಲ್ಲ.

ಎರಡು ವಾರದ ಹಿಂದಿನ ಶುಕ್ರವಾರ. ಅಕ್ಕನ ಡಬ್ಬಿ ಲ್ಯಾಬಿಗೆ ಬಂದಾಗ ಮೇಸ್ತ್ರಿ ಕೈ ಚಾಚಿದ್ದ. "ಸ್ವಂತದವರದ್ದು ಮುಟ್ಟಬಾರದು ಕಣಮ್ಮ, ಇಲ್ಲಿ ಕೊಡು," ಎಂದಿದ್ದ. ಅವಳು ಕೊಟ್ಟಿರಲಿಲ್ಲ. "ನಿಮ್ಮ ಕೈಗೆ ಕೊಟ್ರೆ ರಿಪೋರ್ಟು ಮುಂದಿನ ವರ್ಷ ಬರುತ್ತೆ," ಎಂದು ನಕ್ಕು, ಸೋಮವಾರವೇ ರಿಪೋರ್ಟು ಬರಲಿ ಎಂದು, ಎಲ್ಲ ಚೂರನ್ನೂ ಉಗ್ರದ ಡಬ್ಬಿಗೆ ಸುರಿದಿದ್ದಳು. ಸಂಜೆ ಐದಕ್ಕೆ ತೆಗೆಯಬೇಕಿತ್ತು. ನಾಲ್ಕೂವರೆಗೆ ವಾರ್ಡಿನಿಂದ ಭಾವನ ಫೋನು ಬಂತು. ಅಕ್ಕನ ಮೂಗಿನಿಂದ ರಕ್ತ ಸುರಿಯುತ್ತಿದೆ ಎಂದು. ಓಡಿದಳು. ಡಬ್ಬಿ ಮರೆತೇಹೋಯಿತು. ಸೋಮವಾರ ಬೆಳಿಗ್ಗೆ ಬಂದು ನೋಡಿದಾಗ ಚೂರುಗಳು ಇನ್ನೂ ಆಸಿಡ್ಡಿನಲ್ಲೇ ಇದ್ದವು. ಯಾರಿಗೂ ಹೇಳದೆ ತೊಳೆದು ಮೇಣಕ್ಕೆ ಹಾಕಿದ್ದಳು. ಸ್ಲೈಡು ಕೊಂಚ ಮಂಕಾಗಿ ಬಂದಿತ್ತು, ಅಷ್ಟೇ. ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮುಂದೆ ಹೋಗಿದ್ದಳು. ಮೇಡಂ ಆ ಮಂಕು ಸ್ಲೈಡನ್ನು ನೋಡಿಯೇ ನಿರ್ದಿಷ್ಟವಲ್ಲದ್ದು ಎಂದು ಬರೆದಿದ್ದರು. ಆ ಸಾಲು ಓದಿಯೇ ಮೀಟಿಂಗಿನಲ್ಲಿ ಎಲ್ಲರೂ ನಕ್ಕಿದ್ದರು.

ಎರಡು ದಿನದಿಂದ ಊರವರನ್ನೆಲ್ಲ ಬೈದುಕೊಂಡು ತಿರುಗಿದ್ದಳಲ್ಲ, ಆ ಬೈಗುಳಗಳೆಲ್ಲ ಒಂದೊಂದಾಗಿ ಅವಳ ಬಾಗಿಲಿಗೇ ಬಂದು ನಿಂತವು.

"ನಾನೇ," ಎಂದಳು. "ಮೂರು ರಾತ್ರಿ ಇತ್ತು. ಉಗ್ರದ್ದರಲ್ಲಿ."

ಮೇಸ್ತ್ರಿ ರಿಜಿಸ್ಟರನ್ನು ಅಲ್ಲೇ ಬಿಟ್ಟ. ಹೋಗಿ ಉಳಿದ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟ. ಬೈದಿದ್ದರೆ ವಾಸಿ ಇತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿ ಹೇಳುವವನಲ್ಲ. ನೆಗೆಟಿವ್ ಎಂಬ ಒಂದು ಪದ ಮೇಲೆ ಹೋಗುತ್ತದೆ, ಸೋಮವಾರ ಅಕ್ಕನಿಗೆ ಕರೆಂಟು ಕೊಡುತ್ತಾರೆ. ರೇಡಿಯೇಷನ್ನಿಗೆ ಜನ ಹಾಗೆಯೇ ಹೇಳುವುದು. ಅದರಿಂದಲೂ ಗಡ್ಡೆ ಕುಗ್ಗಬಹುದು. ಕುಗ್ಗದೆಯೂ ಇರಬಹುದು, ಕಣ್ಣಿನ ನರವನ್ನೇ ಸುಡಬಹುದು. ಐದು ನಿಮಿಷ ಅವಳು ಆ ಬಹುದುಗಳನ್ನು ತಿರುಗಿಸಿ ನೋಡಿದಳು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿ ಎದ್ದು ಮೇಡಂ ಕೋಣೆಗೆ ಹೋದಳು.

ಮೇಡಂ ಟಿಫಿನ್ ಡಬ್ಬಿ ಮುಚ್ಚುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. ಅವರ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರಿತು.

"ಎರಡು ವಾರ! ಎರಡು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ದೆ! ನೀನು ಸುಟ್ಟ ಚೂರು ನೋಡಿ ನಾನು ಸರ್ಜನ್ ಮರ್ಯಾದೆ ತೆಗೆದೆನಲ್ಲೇ! ನಿನ್ನೆ ಬಂದು ನನಗೇ ಪದ್ಧತಿ ಪಾಠ ಹೇಳಿದೆಯಲ್ಲ, ಯಾವ ಮುಖ ಇಟ್ಕೊಂಡು ಹೇಳಿದೆ?"

"ಬೈಯಿರಿ ಮೇಡಂ. ಆದ್ರೆ ನೆಗೆಟಿವ್ ಅಂತ ಬರೀಬೇಡಿ. ಸೋಮವಾರ ಶುರು ಮಾಡ್ತಾರೆ."

"ನನಗೆ ಹೇಳಿಕೊಡಬೇಡ!"

ಮೇಡಂ ಫೋನೆತ್ತಿದರು. ಸರ್ಜನ್ನರ ಕೂಗು ಮೇಜಿನ ಈಚೆಗೂ ಕೇಳಿಸಿತು. ಹೊಸ ಚೂರು ಬೇಕು. ಅಂದರೆ ಮತ್ತೆ ಮೂಗಿನೊಳಗಿಂದ ಆಪರೇಷನ್ನು, ಅದೇ ದೊಡ್ಡ ರಕ್ತನಾಳದ ಪಕ್ಕದಲ್ಲಿ. ಸುಮ್ಮನೆ ಸ್ಟೀರಾಯ್ಡ್ ಕೊಟ್ಟು ನೋಡಬಾರದೇ ಎಂದು ಮೇಡಂ ಕೇಳಿದ್ದಕ್ಕೆ, "ಅಲ್ಲಿ ಫಂಗಸ್ಸೋ ಕ್ಷಯವೋ ಇದ್ರೆ? ಆ ಮಾತ್ರೆ ಅದಕ್ಕೆ ಹಬ್ಬದೂಟ! ಹೆಂಗಸು ಸತ್ತೋಗ್ತಾಳೆ," ಎಂದರು ಸರ್ಜನ್. ರೇಡಿಯೇಷನ್ ವಿಭಾಗಕ್ಕೆ ತಾನೇ ಮೆಸೇಜು ಹಾಕುತ್ತೇನೆ ಎಂದರು. ಫೋನಿಡುವ ಮುಂಚೆ ಇನ್ನೊಂದು ಮಾತು ಹೇಳಿದರು. "ರೋಗಿಗೆ ಯಾರು ಹೇಳ್ತಾರೆ? ನಾನಂತೂ ಹೇಳಲ್ಲ. ಹಾಳು ಮಾಡಿದೋರೇ ಹೇಳ್ಲಿ."

ಭಾನುವಾರ ಬೆಳಿಗ್ಗೆ ಅವಳು ಅಕ್ಕನ ಮನೆಗೆ ಹೋದಳು. ಡಿಪೋದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು. ಭಾವ ಅದೇ ಡಿಪೋದ ಮೆಕ್ಯಾನಿಕ್ಕು. ಎಷ್ಟು ಉಜ್ಜಿದರೂ ಉಗುರಿನ ಕಪ್ಪು ಹೋಗದ ಮನುಷ್ಯ, ಬಾಯಿ ತೆರೆದರೆ ಟ್ಯಾಕ್ಸು ಕಟ್ಟಬೇಕೇನೋ ಎಂಬಂತೆ ಇರುವವನು. ಅಕ್ಕ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು.

"ಬಂದ್ಯಾ? ನೋಡು, ಒಂದೇ ಕಣ್ಣಲ್ಲಿ ನೀರು ಬರುತ್ತೆ, ಖರ್ಚು ಅರ್ಧ," ಎಂದಳು ಅಕ್ಕ. "ಯಾಕೆ, ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ?"

ಅವಳು ನಿಂತುಕೊಂಡೇ ಹೇಳಿದಳು. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತ್ತು. ಡಬ್ಬಿ, ಆಸಿಡ್ಡು, ಮೂರು ರಾತ್ರಿ, ಮುಚ್ಚಿಟ್ಟದ್ದು, ಎಲ್ಲ. ಅಕ್ಕನ ಕೈಯಲ್ಲಿ ಚಾಕು ನಿಂತಿತು. ಮೊದಲು ಮಾತಾಡಿದವನು ಭಾವ.

"ಅಂದ್ರೆ ಇಂಜಿನ್ ಕೆಟ್ಟಿದ್ಯೋ ಇಲ್ವೋ ನೋಡೋಕೆ ಬಿಚ್ಚಿದ ಪಾರ್ಟನ್ನೇ ಕರಗಿಸಿಬಿಟ್ಟೆ."

"ಹೂಂ ಭಾವ."

"ಮತ್ತೆ ಬಿಚ್ಚಬೇಕು."

"ಹೂಂ."

ಅಕ್ಕ ಚಾಕುವನ್ನು ಈರುಳ್ಳಿಗೆ ಚುಚ್ಚಿ ಬಿಟ್ಟಳು. "ಆ ನಾಲ್ಕು ಜನ ನನ್ನ ಮಾತು ಕೇಳಲಿಲ್ಲ. ಹೊರಗಿನೋರು, ಹೋಗ್ಲಿ. ನೀನು? ನಿನ್ನ ಮೂಗು ಸೋರೋದನ್ನ ಒರೆಸಿ ಬೆಳೆಸಿದೋಳು ನಾನು. ಮೂರು ದಿನ ನನ್ನ ಮೂಗಲ್ಲಿ ರಕ್ತ ಸುರೀತು ಕಣೇ, ಆ ಒಂದು ಚೂರಿಗೋಸ್ಕರ. ಅದನ್ನ ಮಡಿಕೇಲಿ ಹುಣಸೆಹಣ್ಣು ನೆನೆಸಿದ ಹಂಗೆ ನೆನೆಸಿ ಬಂದ್ಯಾ?"

"ರಕ್ತ ಬಂತು ಅಂತ ಓಡಿಬಂದೆ ಅಕ್ಕ, ಅದಕ್ಕೇ..."

"ನನ್ನ ತಲೆಗೆ ಕಟ್ಟಬೇಡ! ಓಡಿಬಂದಿದ್ದು ಸರಿ. ಸೋಮವಾರ ಗೊತ್ತಾಯ್ತಲ್ಲ, ಅವತ್ತು ನಾಲಿಗೆ ಎಲ್ಲಿ ಅಡವಿಟ್ಟಿದ್ದೆ? ಊರಿಗೆಲ್ಲ ಬ್ಲೇಡಂತೆ ಬ್ಲೇಡು. ಅವತ್ತೇ ಹೇಳಿದ್ರೆ ಇಷ್ಟೊತ್ತಿಗೆ ಇನ್ನೊಂದು ಚೂರು ತೆಗೆದಾಗ್ತಿತ್ತು. ಈ ಎರಡು ವಾರದಲ್ಲೇ ಕಣ್ಣು ಮಂಜಾಗಿದ್ದು, ಗೊತ್ತಾ ನಿನಗೆ?"

ಗೊತ್ತಿತ್ತು. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅಕ್ಕನಿಗೆ ಇನ್ನೂ ಕೋಪ ಬರುತ್ತದೆ ಎಂದು ಗೊತ್ತಿತ್ತು. ಅಕ್ಕ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಒದ್ದೆ ಪಟ್ಟಿ ಕಿತ್ತು ಎಸೆದಳು. ಎಡಗಣ್ಣು ಮೂಗಿನ ಕಡೆಗೇ ಸರಿದು ನಿಂತಿತ್ತು.

"ಮೂಗಿನ ಡಾಕ್ಟ್ರು ಏನಂದ್ರು? ಮತ್ತೆ ತೆಗೆದ್ರೆ ಏನಾಗಬಹುದು?"

"ರಕ್ತನಾಳಕ್ಕೆ ತಾಗಿದ್ರೆ ಪ್ರಾಣಕ್ಕೇ ಅಪಾಯ. ನೂರಕ್ಕೆ ಒಂದೋ ಎರಡೋ ಅಂತಾರೆ."

"ತೆಗೆಯದೆ ಕರೆಂಟು ಕೊಟ್ರೆ?"

"ಏನು ಕಾಯಿಲೆ ಅಂತ ಗೊತ್ತಿಲ್ಲದೆ ಕೊಟ್ಟ ಹಾಗೆ."

ಅಕ್ಕ ಭಾವನ ಮುಖ ನೋಡಿದಳು. ಭಾವ, "ಬಿಚ್ಚದೆ ರಿಪೇರಿ ಮಾಡೋನನ್ನ ನಾನು ಡಿಪೋ ಒಳಗೆ ಬಿಡಲ್ಲ," ಎಂದು ಈರುಳ್ಳಿಯಿಂದ ಚಾಕು ಕಿತ್ತುಕೊಂಡು ತಾನೇ ಹೆಚ್ಚತೊಡಗಿದ.

"ಸರಿ, ತೆಗೀಲಿ," ಎಂದಳು ಅಕ್ಕ. "ಆದ್ರೆ ಈ ಸಲ ನೀನು ಮುಟ್ಟಕೂಡದು. ಆ ಡಬ್ಬಿ ಇರೋ ರೂಮಿಗೂ ಕಾಲಿಡಬೇಡ. ಈಗ ಹೋಗು, ನಿನ್ನ ನೋಡಿದ್ರೆ ಎರಡೆರಡು ಕಾಣ್ತೀಯ. ಒಬ್ಬಳನ್ನೇ ಸಹಿಸೋಕಾಗ್ತಿಲ್ಲ."

ಸೋಮವಾರ ಹತ್ತು ಗಂಟೆಗೆ, ಆಪರೇಷನ್ನಿನ ತಾರೀಖು ಕೇಳಲು ಬಂದ ಅಕ್ಕನನ್ನು ನೆಲಮಾಳಿಗೆಯ ರೇಡಿಯೇಷನ್ ವಿಭಾಗದವರು ಹೆಸರು ಕೂಗಿ ಕರೆದೇಬಿಟ್ಟರು. ಸರ್ಜನ್ನರ ಮೆಸೇಜನ್ನು ಯಾರೂ ನೋಡಿರಲಿಲ್ಲ. ಬ್ಲೇಡು ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಕಾರಿಡಾರಿನಲ್ಲಿ ಜನ ಸೇರಿದ್ದರು. ಮೆಶಿನ್ ಆಪರೇಟರು ಅಕ್ಕನ ಮುಖದ ಅಚ್ಚು ಕೈಯಲ್ಲಿ ಹಿಡಿದು ನಿಂತಿದ್ದ. ಕರೆಂಟು ಕೊಡುವಾಗ ತಲೆ ಅಲುಗದಂತೆ ಬಿಗಿಯುವ, ತೂತು ತೂತಾದ ಬಿಳಿ ಪ್ಲಾಸ್ಟಿಕ್ಕಿನ ಮುಖ.

"ಮಲಗಿ ಅಮ್ಮ, ಬರೀ ಹತ್ತು ನಿಮಿಷ. ಹಿಂದೆ ಇನ್ನೂ ಇಪ್ಪತ್ತು ಜನ ಇದ್ದಾರೆ."

"ನಾನು ಹದಿನಾಲ್ಕು ವರ್ಷ ಬಸ್ಸು ಓಡಿಸಿದೋಳು. ಹಿಂದೆ ಎಷ್ಟು ಜನ ಇದ್ದಾರೆ ಅಂತ ನನಗೆ ಹೇಳಬೇಡ," ಎಂದಳು ಅಕ್ಕ. ಆ ದನಿ ಬಸ್ಸಿನ ಕೊನೇ ಸೀಟಿಗೂ ತಲುಪುವಂಥದ್ದು. "ಕಾಯಿಲೆ ಹೆಸರು ಹೇಳು, ಮಲಗ್ತೀನಿ."

"ಅದು ಡಾಕ್ಟ್ರು ಹೇಳ್ತಾರಮ್ಮ."

"ಕರಿ ಅವರನ್ನ."

ರೇಡಿಯೇಷನ್ ಡಾಕ್ಟರು ಬಂದರು. ಮೀಟಿಂಗಿನಲ್ಲಿ ಗುರಿ ತಪ್ಪಿದ ಜೋಕು ಹೇಳಿದವರೇ. "ನೋಡಿ, ಸ್ಕ್ಯಾನ್ ಪ್ರಕಾರ ಇದು ಹೆಚ್ಚುಕಮ್ಮಿ..." ಎಂದು ಶುರು ಮಾಡಿದರು.

"ಹೆಚ್ಚೆಷ್ಟು, ಕಮ್ಮಿಯೆಷ್ಟು?" ಎಂದಳು ಅಕ್ಕ. "ಮುಂದೆ ಗುಂಡಿ ಹೆಚ್ಚುಕಮ್ಮಿ ಇಲ್ಲ ಅಂತ ನಾನು ಬಸ್ಸು ನುಗ್ಗಿಸಿದ್ರೆ ನೀವು ಹತ್ತುತ್ತೀರಾ ಸರ್? ಹನ್ನೊಂದು ತಿಂಗಳು. ಒಬ್ಬ ಟೆನ್ಷನ್ ಅಂದ, ಒಬ್ಬ ಕನ್ನಡಕ ಅಂದ. ನನ್ನ ತಂಗಿ ಚೂರು ಸುಟ್ಟಳು. ನೀವು ಅದನ್ನ ಓದಿ ನಕ್ಕಿರಂತೆ. ಯಾರಾದ್ರೂ ಒಬ್ಬರು, ಒಂದೇ ಒಂದು ಸಲ, ಗೊತ್ತಿಲ್ಲ ಅಂತ ಹೇಳಿದ್ರಾ?"

ಡಾಕ್ಟರು ಬ್ಲೇಡಿನ ಕಡೆ ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಅವರೇ ತಪ್ಪಿಸಿದರು. ಜೇಬಿನಿಂದ ಫೋನು ತೆಗೆದು ಮೆಸೇಜು ಹುಡುಕಿ ಓದಿದರು. "ಇವರದ್ದು ಇವತ್ತು ಬೇಡ," ಎಂದು ಆಪರೇಟರಿಗೆ ಹೇಳಿ ಹೊರಟರು. ಗೊತ್ತಿಲ್ಲ ಎಂದು ಮಾತ್ರ ಹೇಳಲಿಲ್ಲ.

ಬುಧವಾರ ಸರ್ಜನ್ ಮತ್ತೆ ಚೂರು ತೆಗೆದರು. ತಾವೇ ಡಬ್ಬಿ ಹಿಡಿದುಕೊಂಡು ಲ್ಯಾಬಿಗೆ ಇಳಿದು ಬಂದರು. ಅವರು ಆ ಮೆಟ್ಟಿಲಿಳಿದದ್ದು ಅದೇ ಮೊದಲು. ಮೇಡಂ ಕೂಡ ಎದ್ದು ಬಂದರು. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು, ಮೇಸ್ತ್ರಿ ಚಿಮಟದಿಂದ ಮೆತ್ತಗಿನ ಚೂರುಗಳನ್ನು ಆರಿಸಿ ಬೇರೆ ಇಡುವುದನ್ನು ನೋಡಿದರು. ಒಂದು ಚೂರನ್ನು ಫಂಗಸ್, ಕ್ಷಯ ಏನಾದರೂ ಬೆಳೆಯುತ್ತದೆಯೇ ಎಂದು ನೋಡಲು ಬೇರೆ ಕಡೆ ಕಳಿಸಿದರು. ಬ್ಲೇಡು ಹೊರಗೆ ಸಿಂಕಿನಲ್ಲಿ ಹಳೆಯ ಗಾಜುಗಳನ್ನು ತೊಳೆಯುತ್ತಿದ್ದಳು. ನೀರಿನ ಸದ್ದಿನಲ್ಲಿ ಒಳಗಿನ ಮಾತು ಕೇಳಿಸುತ್ತಿರಲಿಲ್ಲ.

ಶುಕ್ರವಾರ ಮೇಡಂ ಅವಳನ್ನು ಕರೆದು ಮೈಕ್ರೋಸ್ಕೋಪು ತೋರಿಸಿದರು. ಗಾಜಿನ ತುಂಬ ಕಂದು. ಎಣಿಸಿದಷ್ಟೂ ಕಂದು ಕಣಗಳು, ನಡುವೆ ಸುರುಳಿ ಸುರುಳಿಯಾಗಿ ನಾರು. "ಇದೇ ಕಾಯಿಲೆ," ಎಂದರು ಮೇಡಂ. "ಹಳೇ ರಿಪೋರ್ಟು ರದ್ದು ಮಾಡಿ ಬರೆದಿದ್ದೀನಿ. ಚೂರು ಆಸಿಡ್ಡಿನಿಂದ ಹಾಳಾಗಿತ್ತು, ನಾನು ಅದನ್ನ ಗುರುತಿಸಲಿಲ್ಲ ಅಂತ. ನಿನಗೆ ಒಂದು ತಿಂಗಳು ಸಸ್ಪೆನ್ಷನ್ನು. ಸೋಮವಾರದಿಂದ."

"ಸರಿ ಮೇಡಂ."

"ಸರಿ ಅನ್ನಬೇಡ. ಬಾಯಿಗೆ ಬಂದದ್ದು ಬೈಯ್ಯಿ. ನೀನು ಸರಿ ಸರಿ ಅಂತಿದ್ರೆ ನನಗೆ ಭಯ ಆಗುತ್ತೆ."

ಮೊದಲ ಪರೀಕ್ಷೆಯಲ್ಲಿ ಫಂಗಸ್ಸೂ ಕ್ಷಯವೂ ಕಾಣಲಿಲ್ಲ, ಎಂಟು ದಿನ ಕಾದರೂ ಏನೂ ಬೆಳೆಯಲಿಲ್ಲ. ಆಮೇಲೆ ಮಾತ್ರೆ ಶುರುವಾಯಿತು. ನಾಲ್ಕನೇ ದಿನ ಅಕ್ಕನ ತಲೆನೋವು ಹೋಯಿತು. ಎರಡನೇ ವಾರ ದೃಷ್ಟಿಯ ಮಂಜು ತಿಳಿಯಾಯಿತು. ಹಸಿವು ಹೆಚ್ಚಿ, ಮುಖ ಊದಿ, ನಿದ್ದೆ ಬಾರದೆ ಅಕ್ಕ ಮನೆಯ ಪಾತ್ರೆಗಳನ್ನೆಲ್ಲ ಮೂರು ಮೂರು ಸಲ ಬೆಳಗಿದಳು. ಇವೆಲ್ಲವೂ ತಂಗಿಗೆ ತಿಳಿದದ್ದು ಭಾವನ ಫೋನಿನಿಂದ. ಅಕ್ಕ ಅವಳ ಫೋನು ಎತ್ತುತ್ತಿರಲಿಲ್ಲ. ಆರನೇ ವಾರ ಭಾವ, "ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗಬೇಕು. ಡಿಪೋದ ಕಾಗದಕ್ಕೆ ಸಹಿ ಬೇಕು. ನನಗೆ ರಜೆ ಇಲ್ಲ. ನೀನು ಬರ್ಲಿ ಅಂದ್ಲು," ಎಂದ. ಅಂದಳೋ, ಇವನೇ ಹೇಳಿದನೋ, ಅವಳು ಕೇಳಲಿಲ್ಲ.

ಕಣ್ಣಿನ ವಿಭಾಗದ ಬೆಂಚಿನ ಮೇಲೆ ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅಕ್ಕನ ಮುಖ ಊದಿ ದುಂಡಗಾಗಿತ್ತು.

"ಏನು ನೋಡ್ತೀಯ? ಕುಂಬಳಕಾಯಿ ಹಂಗಿದ್ದೀನಾ?"

"ಹೂಂ."

"ನಿನ್ನ ಸಸ್ಪೆನ್ಷನ್ ಮುಗೀತಾ?"

"ಹೋದ ವಾರವೇ ಮುಗೀತು. ವಾಪಸ್ ಕೆಲಸಕ್ಕೆ ಹೋಗ್ತಿದ್ದೀನಿ. ಮೂಳೆ ಚೂರು ನನ್ನ ಕೈಗೆ ಕೊಡಲ್ಲ."

"ಒಳ್ಳೇದು," ಎಂದಳು ಅಕ್ಕ.

ಒಳಗೆ ಡಾಕ್ಟರು, ವಯಸ್ಸಾದ ಹೆಂಗಸು, ಅಕ್ಕನ ಮುಂದೆ ಸ್ಟೂಲು ಎಳೆದುಕೊಂಡು ಕೂತು ತೋರುಬೆರಳು ಎತ್ತಿ ಹಿಡಿದರು. "ತಲೆ ಆಡಿಸಬೇಡಿ. ಕಣ್ಣು ಮಾತ್ರ." ಬೆರಳು ನಿಧಾನವಾಗಿ ಅಕ್ಕನ ಎಡಕ್ಕೆ ಹೊರಟಿತು. ತಂಗಿ ಪಕ್ಕದಲ್ಲಿ ನಿಂತು ನೋಡಿದಳು. ಬಲಗಣ್ಣು ಬೆರಳಿನ ಬೆನ್ನು ಹತ್ತಿ ಹೋಯಿತು. ಎಡಗಣ್ಣು ನಡುವಿನವರೆಗೆ ಬಂತು, ನಡುವನ್ನು ದಾಟಿತು, ಇನ್ನಷ್ಟು ಹೋಯಿತು, ಅಲ್ಲಿ ನಡುಗಿ ನಿಂತುಬಿಟ್ಟಿತು. ಬೆರಳು ಇನ್ನೂ ಮುಂದಿತ್ತು.

"ಈಗ ಎಷ್ಟು ಬೆರಳು?"

"ಎರಡು," ಎಂದಳು ಅಕ್ಕ.

"ಮೊದಲು ಇದು ನಡುವಿಗೂ ಬರ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ವಾಪಸ್ ಬಂದಿದೆ."

"ಬಸ್ಸಿಗೆ ಇಷ್ಟು ಸಾಕಾ?"

ಡಾಕ್ಟರು ಬೆರಳು ಇಳಿಸಿದರು. "ಸಾಲದು."

"ಮುಂದೆ ಪೂರ್ತಿ ಬರುತ್ತಾ?"

"ಗೊತ್ತಿಲ್ಲ," ಎಂದರು ಡಾಕ್ಟರು. "ನರ ತುಂಬ ದಿನ ಅದುಮಿಹೋಗಿತ್ತು. ಎರಡು ವಾರ ಮೊದಲೇ ಮಾತ್ರೆ ಶುರುವಾಗಿದ್ರೆ ಬರ್ತಿತ್ತಾ ಅಂತಲೂ ಗೊತ್ತಿಲ್ಲ. ಇನ್ನೂ ಆರು ತಿಂಗಳು ಕಾಯಬೇಕು ಅಂತ ಡಿಪೋಗೆ ಬರೆದುಕೊಡ್ತೀನಿ. ಅವರು ಒಪ್ಪುತ್ತಾರೋ ಇಲ್ವೋ, ಅದು ನನ್ನ ಕೈಲಿಲ್ಲ."

ಅಕ್ಕನ ಎಡಗೈ ಮುಷ್ಟಿ ಗೇರಿನ ಮೇಲಿದ್ದಂತೆ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು. ತಂಗಿ ಏನೋ ಹೇಳಲು ಬಾಯಿ ತೆರೆದಳು.

"ನೀನು ಸುಮ್ನಿರು," ಎಂದಳು ಅಕ್ಕ ಅವಳ ಕಡೆ ತಿರುಗದೆ. ಆಮೇಲೆ ಡಾಕ್ಟರಿಗೆ, "ಇನ್ನೊಂದು ಸಲ ನೋಡಿ," ಎಂದಳು.

ಡಾಕ್ಟರು ಮತ್ತೆ ಬೆರಳೆತ್ತಿದರು.